ನಗರದ ಪದವಿ, ನೀರಿನ ಲೆಕ್ಕ

ಎರಡನೆಯ ಮಹಾಯುದ್ಧವು ಮುಗಿದ ಮೂರು ವರ್ಷಗಳಲ್ಲಿ, ಎಂದರೆ 1948ರಲ್ಲಿ, ಬೆಂಗಳೂರಿನ ಹೊರವಲಯದ ಕೃಷ್ಣರಾಜಪುರದ ಬಳಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು ಸ್ಥಾಪಿತವಾಯಿತು. ಅದರೊಡನೆ ದೂರವಾಣಿನಗರವೆಂಬ ವಸತಿಯೂ ಬೆಳೆಯಿತು. ಮುಂದೆ ಕೃಷ್ಣರಾಜಪುರವು ನಗರಸಭೆಯಾಯಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಸೇರಿತು. 2025ರಲ್ಲಿ ಬೆಂಗಳೂರು ಪೂರ್ವ ನಗರ ಪಾಲಿಕೆಯ ಭಾಗವಾಯಿತು.

ಊರಿನ ಪದವಿ ಏರಿದಷ್ಟು ಸುಲಭವಾಗಿ ನೀರು ಏರುವುದಿಲ್ಲ. 1974ರಿಂದ ಬೆಂಗಳೂರಿಗೆ ಬರುತ್ತಿರುವ ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ತಂದು, ಸುಮಾರು 500 ಮೀಟರ್ ಮೇಲಕ್ಕೆತ್ತಬೇಕು. 1000 ಲೀಟರ್ ನೀರಿನ ದ್ರವ್ಯರಾಶಿ 1000 ಕಿಲೋಗ್ರಾಂ. ಅದನ್ನು ಗುರುತ್ವದ 9.8ರಿಂದಲೂ ಎತ್ತರದಿಂದಲೂ ಗುಣಿಸಿದರೆ 49 ಲಕ್ಷ ಜೌಲ್, ಎಂದರೆ ಸುಮಾರು 1.4 ಯೂನಿಟ್ ವಿದ್ಯುತ್ತಾಗುತ್ತದೆ. ಪಂಪು, ಕೊಳವೆಗಳಲ್ಲಾಗುವ ನಷ್ಟ ಬೇರೆ. ನಗರವೆನಿಸಿಕೊಂಡುದಕ್ಕೆ ದಿನವೂ ತೆರಬೇಕಾದ ಕಂದಾಯವಿದು.

ಕುಮಟೆಯು ಬೆಳೆದು ಕಾಗಾಲದಂತಹ ಊರುಗಳತ್ತ ಚಾಚುವ ಮೊದಲು ನಾವು ಈ ಪಾಠವನ್ನು ಕಲಿಯಬೇಕು. ಇಲ್ಲಿ ನೀರನ್ನು ಅಷ್ಟು ಎತ್ತರಕ್ಕೆ ಏರಿಸಬೇಕಾಗಿಲ್ಲ, ನಿಜ. ಆದರೆ ಕಡಲತೀರದಲ್ಲಿ ನೆಲದೊಳಗಿನ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿದ್ಧಾಂತದ ಪ್ರಕಾರ, ಸಿಹಿನೀರಿನ ಮಟ್ಟ 1 ಮೀಟರ್ ಇಳಿದು ಹಾಗೆಯೇ ನಿಂತರೆ, ಉಪ್ಪುನೀರಿನ ಎಲ್ಲೆಯು ಕ್ರಮೇಣ ಸುಮಾರು 40 ಮೀಟರ್ ಮೇಲೇರಬಲ್ಲದು. ಹೀಗೆ ಉಪ್ಪಾದ ಬಾವಿ ಬೇಗನೆ ಸಿಹಿಯಾಗದು.

ಆದುದರಿಂದ ಹೊಸ ಬಡಾವಣೆಗೆ ಅನುಮತಿ ನೀಡುವ ಮುನ್ನ ಬೇಸಗೆಯಲ್ಲಿ ಬಾವಿಗಳ ಮಟ್ಟವನ್ನೂ ಉಪ್ಪಿನಂಶವನ್ನೂ ಅಳೆದು ಜನರ ಮುಂದಿಡಬೇಕೆಂಬುದು ನಮ್ಮ ಅಭಿಪ್ರಾಯ. ಪದವಿಯು ಹತ್ತು ವರ್ಷ ತಡವಾದರೂ ಚಿಂತೆಯಿಲ್ಲ, ಬಾವಿ ಉಳಿಯಲಿ.