ಸುಸ್ತು ನಿಜ, ಹಾರ್ಮೋನ್ ಪ್ಯಾಕೇಜ್ ಅದಕ್ಕೆ ಉತ್ತರವಲ್ಲ

ಮೂವತ್ತರ ಆಸುಪಾಸಿನ ಗಂಡಸು ಸುಸ್ತು ಎಂದರೆ ನಮ್ಮಲ್ಲಿ ಯಾರೂ ಕಿವಿಗೊಡುವುದಿಲ್ಲ. ‘ಈ ವಯಸ್ಸಿಗೇ ಏನಪ್ಪಾ ನಿಂದು’ ಎಂದು ಮನೆಯವರೇ ಬಾಯಿ ಮುಚ್ಚಿಸುತ್ತಾರೆ. ಆದರೆ ಬೆಳಿಗ್ಗೆ ಏಳುವಾಗಲೇ ಮೈ ಭಾರ, ಊಟವಾದ ಮೇಲೆ ತೂಕಡಿಕೆ, ಎಷ್ಟು ನಡೆದರೂ ಕರಗದ ಹೊಟ್ಟೆ, ಹೆಂಡತಿಗೂ ಹೇಳಿಕೊಳ್ಳಲಾಗದ ನಿರಾಸಕ್ತಿ, ಇವು ಸೋಮಾರಿಯ ನೆಪಗಳಲ್ಲ. ಈ ಸಂಕಟಕ್ಕೆ ಈಗ ಮೊಬೈಲ್‌ನಲ್ಲಿ ‘ಪುರುಷರ ಹಾರ್ಮೋನ್ ಪ್ಯಾಕೇಜ್’ ಸಿಗುತ್ತದೆ. ಬುಕ್ ಮಾಡಿದರೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ವರದಿ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ವೈದ್ಯರ ಮುಖ ನೋಡುವ ಮೊದಲೇ ಕಾಯಿಲೆಯ ಹೆಸರು ಕೈಯಲ್ಲಿರುತ್ತದೆ. ಈ ಕ್ರಮವೇ ತಲೆಕೆಳಗಾಗಿದೆ.

ಅಂಥದೊಂದು ವರದಿಯನ್ನು ನೋಡಿ. ಟೆಸ್ಟೋಸ್ಟೆರಾನ್ ಎದುರಿನ ಸಂಖ್ಯೆ ಕೆಂಪಗೆ ಅಚ್ಚಾಗಿದ್ದರೆ ಕಣ್ಣು ಅಲ್ಲೇ ನಿಂತುಬಿಡುತ್ತದೆ. ಮೇಲಿನ ಮೂಲೆಯಲ್ಲಿ ರಕ್ತ ತೆಗೆದ ಹೊತ್ತು ಸಣ್ಣಕ್ಷರದಲ್ಲಿರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಯುವಕರಲ್ಲಿ ಈ ಹಾರ್ಮೋನ್ ಬೆಳಿಗ್ಗೆ ಹೆಚ್ಚಿದ್ದು ಹೊತ್ತೇರಿದಂತೆ ಇಳಿಯುತ್ತದೆ. ಊಟ ಮಾಡಿದಾಗ, ನಿದ್ದೆಗೆಟ್ಟಾಗ, ಜ್ವರ ಬಂದಾಗಲೂ ಇಳಿಯುತ್ತದೆ. ಮಧ್ಯಾಹ್ನ ಮೂರಕ್ಕೆ ತೆಗೆದ ರಕ್ತದಲ್ಲಿ ಕಡಿಮೆ ಬಂದರೆ ಅದರಿಂದ ತಿಳಿಯುವುದು ಅಷ್ಟರಲ್ಲೇ ಇದೆ. ಬೆಳಗಿನ ಖಾಲಿ ಹೊಟ್ಟೆಯಲ್ಲಿ, ಮತ್ತೊಮ್ಮೆ ಪರೀಕ್ಷಿಸಿದಾಗಲೂ ಕಡಿಮೆ ಇದ್ದು, ಜೊತೆಗೆ ಲಕ್ಷಣಗಳೂ ಇದ್ದರೆ ಮಾತ್ರ ಕೊರತೆ ಎನ್ನಬೇಕು ಎಂಬುದು ಅಮೆರಿಕದ ಎಂಡೊಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿ. ಲಕ್ಷಣವಿಲ್ಲದವರಿಗೆಲ್ಲ ಈ ಪರೀಕ್ಷೆ ಬೇಡ ಎಂದೂ ಅದು ಹೇಳುತ್ತದೆ.

ಲೆಕ್ಕದ ಮಾತೂ ಒಂದಿದೆ. ಬಹುತೇಕ ಪರೀಕ್ಷೆಗಳ ‘ನಾರ್ಮಲ್’ ಮಿತಿಯನ್ನು ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಒಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಏನೂ ಕಾಯಿಲೆಯಿಲ್ಲದವನಿಗೂ ಒಂದಾದರೂ ಮಿತಿ ಮೀರಿ ಬರುವ ಸಂಭವ ಶೇ 64. ಪ್ಯಾಕೇಜ್ ದೊಡ್ಡದಾದಷ್ಟೂ ಭಯವೂ ದೊಡ್ಡದಾಗುತ್ತದೆ.

ಇನ್ನು ತೂಕ. ‘ಹಾರ್ಮೋನ್ ಕಡಿಮೆಯಾಗಿದ್ದಕ್ಕೇ ಹೊಟ್ಟೆ ಬಂತು’ ಎಂದು ಹಲವರು ನಂಬಿದ್ದಾರೆ. ಬಹಳಷ್ಟು ಸಲ ನಡೆಯುವುದು ಇದರ ತಿರುವುಮುರುವು. ಬೊಜ್ಜು ಟೆಸ್ಟೋಸ್ಟೆರಾನ್‌ನ ಒಂದು ಪಾಲನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ. ಹಾರ್ಮೋನ್ ಉತ್ಪತ್ತಿಗೆ ಮಿದುಳಿನ ಪಿಟ್ಯುಟರಿ ಗ್ರಂಥಿಯಿಂದ ಬರುವ ಸೂಚನೆಯೂ ಮಂಕಾಗುತ್ತದೆ. ಅಷ್ಟೇ ಅಲ್ಲ, ಈ ಹಾರ್ಮೋನನ್ನು ರಕ್ತದಲ್ಲಿ ಹೊತ್ತೊಯ್ಯುವ ಪ್ರೋಟೀನ್ ಬೊಜ್ಜಿರುವವರಲ್ಲಿ ಕಡಿಮೆ. ಹಾಗಾಗಿ ಒಟ್ಟು ಪ್ರಮಾಣ ಇಳಿದಂತೆ ಕಂಡರೂ ದೇಹಕ್ಕೆ ದಕ್ಕುವ ಭಾಗ ಸರಿಯಾಗಿಯೇ ಇರಬಹುದು. ತೂಕ ಇಳಿಸಿದ ಅನೇಕರಲ್ಲಿ ಇಂಜೆಕ್ಷನ್ ಇಲ್ಲದೆಯೇ ಸಂಖ್ಯೆ ಮೇಲೇರುತ್ತದೆ. ನಿದ್ದೆಯ ಪಾತ್ರವೂ ಸಣ್ಣದಲ್ಲ. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನವೊಂದರಲ್ಲಿ, ಆರೋಗ್ಯವಂತ ಯುವಕರು ಒಂದು ವಾರ ರಾತ್ರಿ ಐದೇ ಗಂಟೆ ಮಲಗಿದಾಗ ಹಗಲಿನ ಟೆಸ್ಟೋಸ್ಟೆರಾನ್ ಶೇ 10ರಿಂದ 15ರಷ್ಟು ಕುಸಿದಿತ್ತು. ಅಮೆರಿಕದ ಗಡಿಯಾರಕ್ಕೆ ದುಡಿಯುತ್ತ, ಉಳಿದ ಹೊತ್ತನ್ನು ಟ್ರಾಫಿಕ್‌ನಲ್ಲಿ ಕಳೆಯುವ ಬೆಂಗಳೂರಿನ ಯುವಕರಲ್ಲಿ ಎಷ್ಟು ಜನಕ್ಕೆ ಐದು ಗಂಟೆಗಿಂತ ಹೆಚ್ಚು ನಿದ್ದೆ ಸಿಗುತ್ತದೆ?

ಆದ್ದರಿಂದ ಮೊದಲು ಅಳೆಯಬೇಕಾದದ್ದು ಸೊಂಟ. ಭಾರತೀಯ ಗಂಡಸರಿಗೆ 90 ಸೆಂ.ಮೀ. ದಾಟಿದರೆ ಅಪಾಯದ ಗುರುತು. ಗೊರಕೆ ಜೋರಾಗಿದೆಯೇ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ ಎಂದು ಪಕ್ಕದಲ್ಲಿ ಮಲಗುವವರನ್ನು ಕೇಳಬೇಕು. ಮೂರು ತಿಂಗಳ ಸಕ್ಕರೆಯ ಸರಾಸರಿ, ಹಿಮೋಗ್ಲೋಬಿನ್, ಥೈರಾಯ್ಡ್, ಅಪ್ಪಟ ಸಸ್ಯಾಹಾರಿಯಾದರೆ ಬಿ12, ಇಷ್ಟರಲ್ಲಿ ಬಹಳಷ್ಟು ಸುಸ್ತಿನ ಮೂಲ ಸಿಗುತ್ತದೆ. ಖಿನ್ನತೆಯೂ ಎಷ್ಟೋ ಗಂಡಸರಲ್ಲಿ ಸುಸ್ತಿನ ವೇಷದಲ್ಲೇ ಬರುತ್ತದೆ. ಅದು ರಕ್ತದಲ್ಲಿ ಕಾಣುವುದಿಲ್ಲ, ಕೂತು ಮಾತಾಡಿಸಿದರೆ ಮಾತ್ರ ತಿಳಿಯುತ್ತದೆ.

ನಿಜವಾದ ಕೊರತೆ ಇರುವವರೂ ಇದ್ದಾರೆ. ಹುಟ್ಟಿನಿಂದಲೇ ಬರುವ ಕ್ಲೈನ್‌ಫೆಲ್ಟರ್ ಸ್ಥಿತಿ, ಪಿಟ್ಯುಟರಿಯ ಗಡ್ಡೆ, ವೃಷಣಕ್ಕೆ ಬಿದ್ದ ಪೆಟ್ಟು ಇದಕ್ಕೆ ಕಾರಣವಾಗಬಹುದು. ಗಡ್ಡ ತೆಳುವಾಗುವುದು, ವೃಷಣ ಕುಗ್ಗುವುದು, ಬೆಳಗಿನ ನಿಮಿರುವಿಕೆ ನಿಂತೇಹೋಗುವುದು, ತಲೆನೋವಿನೊಡನೆ ದೃಷ್ಟಿ ಮಂಜಾಗುವುದು ಕಂಡರೆ ತಡಮಾಡಬಾರದು. ಅವರಿಗೆ ಚಿಕಿತ್ಸೆ ಬೇಕೇ ಬೇಕು.

ನನ್ನ ಆತಂಕ ಉಳಿದವರ ಬಗ್ಗೆ, ಒಂದೇ ವರದಿ ಹಿಡಿದು ಇಂಜೆಕ್ಷನ್‌ಗೆ ತೋಳೊಡ್ಡುವವರ ಬಗ್ಗೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ದೇಹ ತನ್ನ ಉತ್ಪತ್ತಿಯನ್ನು ತಗ್ಗಿಸುತ್ತದೆ, ವೀರ್ಯಾಣುಗಳು ಇಳಿದು ಕೆಲವರಲ್ಲಿ ಪೂರ್ತಿ ಇಲ್ಲವಾಗುತ್ತವೆ. ಬಿಟ್ಟ ಮೇಲೆ ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ, ಕೆಲವರಿಗೆ ವರ್ಷ ದಾಟುತ್ತದೆ. ಮದುವೆಯಾಗಿ ಮಗುವಿನ ಕನಸು ಕಾಣುತ್ತಿರುವವನಿಗೆ ಇದನ್ನು ಹೇಳದೆ ಸೂಜಿ ಚುಚ್ಚುವುದು ಅನ್ಯಾಯ.

ವರ್ಷಕ್ಕೊಮ್ಮೆ ನೌಕರರ ರಕ್ತ ಪರೀಕ್ಷೆ ಮಾಡಿಸುವ ಕಂಪನಿಗಳು ಅದರ ಜೊತೆಗೆ ಒಬ್ಬ ವೈದ್ಯರ ಅರ್ಧ ಗಂಟೆಯನ್ನೂ ಕೊಡಿಸಲಿ. ಓದುಗರೇ, ಅಂಥ ಕೆಂಪು ಸಂಖ್ಯೆಯ ವರದಿ ನಿಮ್ಮ ಕೈಯಲ್ಲಿದ್ದರೆ ಮೊದಲು ರಕ್ತ ತೆಗೆದ ಹೊತ್ತು ನೋಡಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತೆ ಪರೀಕ್ಷಿಸಿಕೊಳ್ಳಿ. ಮಕ್ಕಳು ಬೇಕೆಂದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಅಲ್ಲಿಯವರೆಗೆ ಯಾವ ಇಂಜೆಕ್ಷನ್ನೂ ಬೇಡ.