ಶುದ್ಧ ವಿದ್ಯುತ್ತಿಗೆ ಬೆಂಬಲವೂ ವರ್ತಕರ ಬಿಲ್ಲೂ

ಸೌರ ಹಾಗೂ ಪವನ ವಿದ್ಯುತ್ತಿನ ಬಗ್ಗೆ ಸಣ್ಣ ಊರುಗಳ ವರ್ತಕರು ನಿರಾಸಕ್ತರೆಂಬ ಆಕ್ಷೇಪವನ್ನು ಒಪ್ಪಲಾಗದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದವರಿಗೆ ವಿದ್ಯುತ್ ಉತ್ಪಾದನೆಯು ದೂರದ ಸಂಗತಿಯೇನಲ್ಲ. ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್ ಜಲವಿದ್ಯುದಾಗಾರವಿದೆ. ಕೂಡಗಿಯಲ್ಲಿ 2400 ಮೆಗಾವ್ಯಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರವಿದೆ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಈ ಸಾಮೀಪ್ಯಕ್ಕಾಗಿ ಹೆಸ್ಕಾಂ ಬಿಲ್ಲಿನಲ್ಲಿ ರಿಯಾಯಿತಿ ಮಾತ್ರ ಕಾಣದು!

2023ರ ಮೇ ತಿಂಗಳಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ದರವನ್ನು ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಸಿ, ಏಪ್ರಿಲ್‌ನಿಂದಲೇ ಅನ್ವಯಿಸಿತು. ಅದರ ಮೇಲೆ ಇಂಧನ ಹಾಗೂ ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಶುಲ್ಕವೂ ಸೇರಿತು. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯು ಜೂನ್ 22ರಂದು ಬಂದ್‌ಗೆ ಕರೆ ನೀಡಿದ್ದು ಸದಸ್ಯ ಬಾಂಧವರಿಗೆ ನೆನಪಿರಬಹುದು. ಕಲ್ಲಿದ್ದಲು ತುಟ್ಟಿಯಾದಾಗ ಹೊಂದಾಣಿಕೆ ಶುಲ್ಕ ಏರುತ್ತದೆ. ಬಿಸಿಲಿಗೆ ಅಂತಹ ಶುಲ್ಕವಿಲ್ಲ. ಆದುದರಿಂದ ಅಂದು ಬಿಲ್ಲು ಹಿಡಿದು ಪ್ರತಿಭಟಿಸಿದವರೇ ಸೌರ ನೀತಿಯ ಸಹಜ ಬೆಂಬಲಿಗರು.

ಆದರೆ ನೀತಿಯು ಬೇರೆ ಬಾಗಿಲನ್ನು ತಟ್ಟುತ್ತಿದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಡಿ ಮನೆಯ ಛಾವಣಿಯ 3 ಕಿಲೋವ್ಯಾಟ್ ಘಟಕಕ್ಕೆ ಕೇಂದ್ರವು 78,000 ರೂಪಾಯಿ ಸಹಾಯಧನ ನೀಡುತ್ತದೆ. ನಮ್ಮ ರಾಜ್ಯದಲ್ಲಾದರೋ 2023ರಿಂದ ಗೃಹಜ್ಯೋತಿಯಡಿ 200 ಯೂನಿಟ್ ಮಿತಿಯೊಳಗೆ ಮನೆಗಳಿಗೆ ವಿದ್ಯುತ್ ಉಚಿತವಾಗಿದೆ. (ಬಡವರ ಮನೆಯ ದೀಪದ ಬಗ್ಗೆ ನಮ್ಮ ತಕರಾರಿಲ್ಲ.) ಶೂನ್ಯ ಬಿಲ್ಲಿನ ಮನೆಯವರು ಸಾಲ ಮಾಡಿ ಫಲಕ ಹಾಕಿಸಿಯಾರೆ? ಬೇಳೆ ಗಿರಣಿ, ಹಿಟ್ಟಿನ ಗಿರಣಿ, ವೆಲ್ಡಿಂಗ್ ಶಾಪುಗಳವರು ಪೂರ್ಣ ದರ ತೆರುತ್ತಾರೆ. ಅವರ ಯಂತ್ರಗಳು ಓಡುವುದೂ ಬಿಸಿಲಿನ ಹೊತ್ತಿನಲ್ಲೇ. ಆದರೂ ಸದರಿ ಯೋಜನೆಯಲ್ಲಿ ಅವರಿಗೆ ಸ್ಥಾನವಿಲ್ಲ.

ಸೌರ ಉಪಕರಣಗಳ ಜಿಎಸ್‌ಟಿಯು 2025ರ ಸೆಪ್ಟೆಂಬರ್‌ನಲ್ಲಿ ಶೇ. 12ರಿಂದ 5ಕ್ಕೆ ಇಳಿದದ್ದು ಸ್ವಾಗತಾರ್ಹ. ಶೇ. 40ರ ಸವಕಳಿ ಸೌಲಭ್ಯವು ಮಾತ್ರ ಲೆಕ್ಕಪತ್ರವಿಟ್ಟು ತೆರಿಗೆ ಕಟ್ಟುವ ಉದ್ದಿಮೆದಾರರಿಗೆ ದಕ್ಕುತ್ತದೆ. ಅಂದಾಜು ಆದಾಯ ಪದ್ಧತಿಯಡಿ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗೆ ಅದನ್ನು ಪ್ರತ್ಯೇಕವಾಗಿ ಪಡೆಯುವ ಅವಕಾಶವಿಲ್ಲ. ಇನ್ನು ನಿಗದಿತ ಶುಲ್ಕವು ಮಂಜೂರಾದ ಲೋಡಿನ ಮೇಲೆ ಬೀಳುವುದರಿಂದ, ಛಾವಣಿಯಲ್ಲಿ ಎಷ್ಟೇ ಯೂನಿಟ್ ಉತ್ಪಾದಿಸಿದರೂ ಅದು ತಗ್ಗದು. ಈ ಶುಲ್ಕ ಏರಿದಷ್ಟೂ ಫಲಕಕ್ಕೆ ಹಾಕಿದ ಬಂಡವಾಳ ಮರಳುವುದು ತಡವಾಗುತ್ತದೆ.

ಹತ್ತು ಅಶ್ವಶಕ್ತಿಯೊಳಗಿನ ಘಟಕಗಳಿಗೂ ಅಂಗಡಿಗಳಿಗೂ ಮನೆಗಳಿಗೆ ಸಮನಾದ ಸಹಾಯಧನ ದೊರೆಯಬೇಕೆಂಬುದು ನಮ್ಮ ಬೇಡಿಕೆಯಾಗಬೇಕು. ದರ ಪರಿಷ್ಕರಣೆಯ ಮುಂದಿನ ಸಾರ್ವಜನಿಕ ವಿಚಾರಣೆಗೆ ಸದಸ್ಯರು ಕಳೆದ 12 ತಿಂಗಳ ಬಿಲ್ಲುಗಳೊಂದಿಗೆ ಹಾಜರಾಗಿ, ನಿಗದಿತ ಶುಲ್ಕದ ಬಾಬತ್ತನ್ನು ಆಯೋಗದ ಮುಂದೆ ಬಿಡಿಸಿ ಹೇಳಬೇಕಾಗಿದೆ.