ವಿಮಾನಕ್ಕಿಂತ ಮೊದಲು ಪೆಟ್ಟಿಗೆ

ಕಟ್ಟಡದ ಒಳಗೆ ಹಾರಿಸುವ ಮಾದರಿ ವಿಮಾನವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ವಿರಳ. ಬಾಲ್ಸಾ ಮರದ ಎಳೆಗಡ್ಡಿಗಳ ಚೌಕಟ್ಟು, ಅದರ ಮೇಲೆ ಸಾಬೂನಿನ ಗುಳ್ಳೆಯಂತೆ ಹೊಳೆಯುವ ಪೊರೆ, ತಿರುಚಿದ ರಬ್ಬರಿನ ಬಲದಿಂದ ಮೆಲ್ಲಗೆ ಸುತ್ತುವ ಪ್ರೊಪೆಲರು—ಇಷ್ಟೇ ಅದರ ಸಾಮಗ್ರಿ. ಅಂತರರಾಷ್ಟ್ರೀಯ ಸ್ಪರ್ಧೆಯ ‘ಎಫ್ ೧ ಡಿ’ ವರ್ಗದಲ್ಲಿ ರೆಕ್ಕೆಯ ಹರವು ೫೫ ಸೆಂಟಿಮೀಟರನ್ನು ಮೀರಕೂಡದು. ರಬ್ಬರನ್ನು ಬಿಟ್ಟು ವಿಮಾನದ ತೂಕ ೧.೪ ಗ್ರಾಮಿಗೆ ಕಡಮೆಯಾಗಕೂಡದು. ಇಂಥ ವಿಮಾನಗಳು ಅರ್ಧ ಗಂಟೆ ಹಾರಿದ ನಿದರ್ಶನಗಳುಂಟು. ರುಮೇನಿಯ ದೇಶದ ಸ್ಲಾನಿಕ್ ಉಪ್ಪಿನ ಗಣಿಯೊಳಗೆ ಇವುಗಳ ವಿಶ್ವಸ್ಪರ್ಧೆಗಳು ನಡೆದಿವೆ. ದೂರದೇಶಗಳಿಂದ ಅಲ್ಲಿಗೆ ಹೋದವರೆಲ್ಲರೂ ಈ ಗಾಳಿಗೂಡುಗಳನ್ನು ಮುರಿಯದಂತೆ ಒಯ್ದಿರಬೇಕಷ್ಟೆ. ನಾವು ಇಲ್ಲಿ ಹೇಳಹೊರಟಿರುವುದು ಆ ಒಯ್ಯುವ ಪೆಟ್ಟಿಗೆಯ ವಿಷಯವನ್ನು.

ಹೋದ ವರ್ಷ ನಮ್ಮ ಇಬ್ಬರು ವಿದ್ಯಾರ್ಥಿಗಳು ಆರು ವಾರ ಶ್ರಮಿಸಿ ಇಂಥದೇ, ಆದರೆ ತುಸು ಭಾರವಾದ, ಒಂದು ವಿಮಾನವನ್ನು ಕಟ್ಟಿದರು. ಪಕ್ಕದ ಊರಿನ ವಿಜ್ಞಾನ ಪ್ರದರ್ಶನಕ್ಕೆ ಅದನ್ನು ಅಂಗಿಯ ರಟ್ಟಿನ ಡಬ್ಬಿಯಲ್ಲಿಟ್ಟು, ಸುತ್ತಲೂ ಹತ್ತಿ ತುರುಕಿ, ಬಸ್ಸಿನಲ್ಲಿ ಒಯ್ದರು. ಡಬ್ಬಿಯನ್ನು ತೆರೆದಾಗ ಹತ್ತಿಯ ಎಳೆಗಳಿಗೆ ಸಿಕ್ಕಿದ ಕಡ್ಡಿಗಳು ಮುರಿದಿದ್ದುವು, ಪೊರೆ ಹರಿದಿತ್ತು. ಹುಡುಗರು ರಸ್ತೆಯನ್ನು ದೂರಿದರು. ನಮಗೆ ಮಾತ್ರ ನಮ್ಮ ವಿಷಯದಲ್ಲಿಯೇ ನಾಚಿಕೆಯಾಯಿತು. ರೆಕ್ಕೆಯ ಕೋನವನ್ನು ಮೂರು ಸಲ ಪರೀಕ್ಷಿಸಿದ್ದ ನಾವು, ‘ಇದನ್ನು ಹೇಗೆ ಒಯ್ಯುವಿರಿ?’ ಎಂದು ಒಮ್ಮೆಯೂ ಕೇಳಿರಲಿಲ್ಲ.

ಪೆಟ್ಟಿಗೆ ಮಾಡುವುದು ಬಡಗಿಯ ಕೆಲಸ, ಅದರಲ್ಲಿ ವಿಜ್ಞಾನವೇನಿದೆ ಎಂದು ಕೆಲವರು ಕೇಳಬಹುದು. ಒಂದು ಸಣ್ಣ ಲೆಕ್ಕ ಮಾಡೋಣ. ೬೦ ಸೆಂಟಿಮೀಟರು ಉದ್ದ, ೩೦ ಅಗಲ, ೨೫ ಎತ್ತರದ ಪೆಟ್ಟಿಗೆಯೊಳಗೆ ೪೫ ಲೀಟರು ಗಾಳಿ ಇರುತ್ತದೆ. ಅದರ ತೂಕ ಸುಮಾರು ೫೦ ಗ್ರಾಮು! ಅಂದರೆ ವಿಮಾನಕ್ಕಿಂತ ಅದರ ಸುತ್ತಲಿನ ಗಾಳಿಯೇ ಮೂವತ್ತು ಪಟ್ಟಿಗೂ ಹೆಚ್ಚು ಭಾರ. ಆದುದರಿಂದ ಇಲ್ಲಿ ದೊಡ್ಡ ಶತ್ರು ಗಾಳಿಯೇ. ಪೆಟ್ಟಿಗೆ ಬಿಗಿಯಾಗಿ ಮುಚ್ಚಿದ್ದರೆ ಒಳಗಿನ ಗಾಳಿ ಪೆಟ್ಟಿಗೆಯೊಡನೆಯೇ ಸಾಗುತ್ತದೆ. ಬಿರುಕಿದ್ದರೆ ಹೊರಗಿನ ಗಾಳಿ ನುಗ್ಗುತ್ತದೆ. ಮೇಲಿನ ಮುಚ್ಚಳವನ್ನು ೧೦ ಸೆಂಟಿಮೀಟರು ಫಕ್ಕನೆ ಎತ್ತಿದರೆ ೧೮ ಲೀಟರು ಗಾಳಿ ಒಮ್ಮೆಲೇ ಒಳಕ್ಕೆ ಹರಿಯುವುದು. ಪಕ್ಕಕ್ಕೆ ಜಾರುವ ರಟ್ಟಿನ ಬಾಗಿಲಾದರೆ ಈ ತೊಂದರೆ ಬಹುಮಟ್ಟಿಗೆ ಇಲ್ಲ.

ಇನ್ನು ಕುಲುಕಾಟ. ಬಸ್ಸು ಹಳ್ಳಕ್ಕಿಳಿದಾಗ ಪೆಟ್ಟಿಗೆ ೫ ಸೆಂಟಿಮೀಟರು ಬಿದ್ದಿತೆನ್ನೋಣ. ಗಟ್ಟಿ ಹಲಗೆಯ ಮೇಲೆ ಅದು ೧ ಮಿಲಿಮೀಟರಿನೊಳಗೆ ನಿಂತರೆ ಸರಾಸರಿ ವೇಗಕುಂದು ಗುರುತ್ವ ವೇಗೋತ್ಕರ್ಷದ ೫೦ ಪಟ್ಟು. ಕೆಳಗಿಟ್ಟ ಸ್ಪಂಜು ೨೫ ಮಿಲಿಮೀಟರು ತಗ್ಗಿ ಅದನ್ನು ನಿಲ್ಲಿಸಿದರೆ ಕೇವಲ ೨ ಪಟ್ಟು. ಮೆತ್ತೆ ಇರತಕ್ಕದ್ದು ಪೆಟ್ಟಿಗೆಯ ಹೊರಗೆ, ವಿಮಾನಕ್ಕೆ ತಾಗಿ ಅಲ್ಲ. ರೆಕ್ಕೆಯನ್ನು ಕಳಚಿ, ಅದರ ಆಧಾರದ ಕಡ್ಡಿಗಳನ್ನು ತಳದ ಹಲಗೆಯಲ್ಲಿ ಮಾಡಿದ ರಂಧ್ರಗಳಲ್ಲಿ ನಿಲ್ಲಿಸಬೇಕು. ರಬ್ಬರನ್ನು ಹೊರುವ ಕಡ್ಡಿಯೇ ಒಡಲಿನಲ್ಲಿ ಗಟ್ಟಿಯಾದ ಭಾಗ. ಹಿಡಿಕೆಗಳು ಅದನ್ನು ಮಾತ್ರ ಹಿಡಿಯಬೇಕು. ಪೊರೆ ಯಾವುದನ್ನೂ ಮುಟ್ಟಕೂಡದು. ಉಜ್ಜಿದ ಥರ್ಮೊಕೋಲಾಗಲಿ ಪ್ಲಾಸ್ಟಿಕ್ಕಾಗಲಿ ವಿದ್ಯುದಾವೇಶ ಪಡೆದು ಪೊರೆಯನ್ನು ಸೆಳೆಯುವುದರಿಂದ, ಒಳಗೋಡೆಗೆ ಬರಿಯ ರಟ್ಟೇ ಲೇಸು. ಬಾಲ್ಸಾ ತೇವಕ್ಕೆ ಸೊಟ್ಟಗಾಗುತ್ತದೆ. ಪೆಟ್ಟಿಗೆಯನ್ನು ಮಳೆಯಲ್ಲಿಯೂ ಬಿಸಿಲಿನಲ್ಲಿಯೂ ಇಡಬಾರದು.

ಈ ಪಾಠವನ್ನು ದೊಡ್ಡವರೂ ಕಷ್ಟಪಟ್ಟೇ ಕಲಿತರು. ರೈಟ್ ಸೋದರರ ವಿಮಾನವೊಂದನ್ನು ೧೯೦೭ರಲ್ಲಿ ಪೆಟ್ಟಿಗೆಗಳಲ್ಲಿ ತುಂಬಿ ಫ್ರಾನ್ಸಿಗೆ ಕಳುಹಿಸಲಾಗಿತ್ತು. ೧೯೦೮ರ ಜೂನಿನಲ್ಲಿ ಲಮಾನ್ ಪಟ್ಟಣದಲ್ಲಿ ವಿಲ್ಬರನು ಅವನ್ನು ತೆರೆದಾಗ ರೆಕ್ಕೆಯ ಪಕ್ಕೆಲುಬುಗಳೆಷ್ಟೋ ಮುರಿದು, ಬಟ್ಟೆ ಹರಿದುಹೋಗಿತ್ತು. ಸರಿಯಾಗಿ ತುಂಬಲಿಲ್ಲವೆಂದು ಅವನು ತಮ್ಮನಾದ ಆರ್ವಿಲ್‌ನಿಗೆ ಕಟುವಾಗಿ ಬರೆದನು. ತಪ್ಪು ತಮ್ಮನದಲ್ಲ, ಬಂದರಿನ ಸುಂಕದ ಅಧಿಕಾರಿಗಳು ತಪಾಸಣೆಗಾಗಿ ಬಿಚ್ಚಿ, ಅಜಾಗರೂಕತೆಯಿಂದ ಮತ್ತೆ ತುಂಬಿದ್ದರೆಂದು ಅನಂತರ ತಿಳಿಯಿತು. ಮೊದಲ ಹಾರಾಟಕ್ಕೆ ಆಗಸ್ಟ್ ೮ರವರೆಗೆ ಕಾಯಬೇಕಾಯಿತು.

ಆದುದರಿಂದ ನಮ್ಮ ಅಭಿಪ್ರಾಯವಿದು: ವಿದ್ಯಾರ್ಥಿಗಳು ವಿಮಾನದ ನಕ್ಷೆಯೊಡನೆಯೇ ಪೆಟ್ಟಿಗೆಯ ನಕ್ಷೆಯನ್ನೂ ಬರೆಯಲಿ, ಪೆಟ್ಟಿಗೆ ಸಿದ್ಧವಾದ ಮೇಲೆಯೇ ರೆಕ್ಕೆಗೆ ಪೊರೆ ಹೊದಿಸಲಿ. ವಿಜ್ಞಾನ ಪ್ರದರ್ಶನಗಳಲ್ಲಿ ತೀರ್ಪುಗಾರರು ಉಪಕರಣಕ್ಕೆ ಕೊಡುವಂತೆ ಅದನ್ನು ಸುರಕ್ಷಿತವಾಗಿ ತಂದ ಬಗೆಗೂ ಅಂಕಗಳನ್ನು ಕೊಡಲಿ. ಇದರಿಂದ ಖರ್ಚು ಹೆಚ್ಚುವುದಿಲ್ಲ. ರಟ್ಟು, ಅಂಟು, ಒಂದು ತುಂಡು ಸ್ಪಂಜು ಸಾಕು. ಹೆಚ್ಚಬೇಕಾದದ್ದು ಮುಂದಾಲೋಚನೆ. ನಾಳೆ ಇದೇ ಹುಡುಗರು ಗಾಜಿನ ಉಪಕರಣಗಳನ್ನೂ ರೋಗಿಯ ರಕ್ತದ ಮಾದರಿಗಳನ್ನೂ ಒಯ್ಯಬೇಕಾದೀತು. ಅಂದು ಒಡೆದದ್ದನ್ನು ಆರು ವಾರಗಳಲ್ಲಿ ಮತ್ತೆ ಕಟ್ಟಲು ಸಾಧ್ಯವಾಗದಿರಬಹುದು.

ನಮ್ಮ ಆ ಇಬ್ಬರು ಈಗ ಎರಡನೆಯ ವಿಮಾನವನ್ನು ಕಟ್ಟುತ್ತಿದ್ದಾರೆ. ಪ್ರಯೋಗಶಾಲೆಯ ಮೇಜಿನ ಮೇಲೆ ಸದ್ಯಕ್ಕೆ ಬರಿದಾದ ಒಂದು ಪೆಟ್ಟಿಗೆ ಕುಳಿತಿದೆ. ಅದನ್ನು ನೋಡಿ ನಮಗೆ ಸಂತೋಷವಾಗಿದೆ.